ಮೊಮ್ಮಗಳಿಗೆ ಕೊಟ್ಟ ಅರ್ಧ ಬ್ರೇಕ್

ದೂರದ ಬಸ್ಸು ಓಡಿಸುವವರಿಗೆ ಭೇದಿಗಿಂತ ದೊಡ್ಡ ಶತ್ರು ಮೂರು ಲೋಕದಲ್ಲೂ ಇಲ್ಲ. ಹಿಂದೆ ಐವತ್ತು ಜನ, ಮುಂದೆ ಆರು ಗಂಟೆಯ ದಾರಿ, ನಡುವೆ ಒಂದೇ ನಿಲ್ದಾಣ. ಈ ಚಾಲಕನಿಗೆ ಡಿಪೋದವರು ಇಟ್ಟ ಹೆಸರು ಬಿರುಗಾಳಿ. ಅವನು ಹಾರ್ನ್ ಹೊಡೆದರೆ ಕೆಟ್ಟು ನಿಂತ ಲಾರಿಯೂ ಎದ್ದು ದಾರಿ ಬಿಡುತ್ತಿತ್ತು. ಅಂಥವನನ್ನು ಹೋದ ಬೇಸಿಗೆಯಲ್ಲಿ ಭೇದಿ ಒಂದೇ ದಿನಕ್ಕೆ ಹಿಂಡಿ ಹಿಪ್ಪೆ ಮಾಡಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹತ್ತೆಂಟು ಪ್ರಶ್ನೆ ಕೇಳಿ, ಭೇದಿ ನಿಲ್ಲಿಸುವ ಮಾತ್ರೆ ಬರೆದುಕೊಟ್ಟರು. ಎರಡೇ ದಿನ, ಅದೂ ರಜೆ ಹಾಕಿ ಮನೆಯಲ್ಲಿದ್ದು ನುಂಗಬೇಕು ಎಂದರು. ಬಿರುಗಾಳಿಯ ಕಿವಿಗೆ ಬಿದ್ದದ್ದು ಮಾತ್ರೆಯ ಹೆಸರೊಂದೇ.

ಡಿಪೋದಲ್ಲಿ ಆ ಮಾತ್ರೆಗೆ 'ಬ್ರೇಕ್' ಎಂದು ಹೆಸರಾಯಿತು. ಹಳೆಯ ಚೀಟಿಯನ್ನೇ ತೋರಿಸಿ ಅವನು ಮತ್ತೆ ಮತ್ತೆ ತಂದ. ಹೊಟ್ಟೆ ಗುರ್ ಎಂದವರಿಗೆಲ್ಲ ಕೈಯೆತ್ತಿ ಕೊಟ್ಟ.

ಹೆಂಡತಿಯ ತಂಗಿ ಆಸ್ಪತ್ರೆಯಲ್ಲಿ ನರ್ಸು. ಆ ಮಾತ್ರೆಯ ಸ್ಟ್ರಿಪ್ ನೋಡಿದಾಗಲೇ ಅವಳು ರೇಗಿದ್ದಳು.

"ಏನ್ ಭಾವ, ನೀವು ಡಾಕ್ಟರಾಗಿದ್ದು ಯಾವಾಗ?"

"ಗಾಡಿ ನಿಲ್ದಿದ್ರೆ ಬ್ರೇಕ್ ಒತ್ಬೇಕು. ಅದಕ್ಕೂ ಓದ್ಬೇಕಾ?"

"ಹೊಟ್ಟೆ ಗಾಡಿ ಅಲ್ಲ. ಜ್ವರ ಇದ್ರೆ, ಭೇದೀಲಿ ರಕ್ತ ಇದ್ರೆ, ಕೆಟ್ಟದ್ದು ಹೊರಗೆ ಹೋಗ್ಬೇಕು. ತಡೆದ್ರೆ ಒಳಗೇ ಕೂತು ಕೊಲ್ಲುತ್ತೆ. ಮೇಲಾಗಿ ಇದು ತೂಕಡಿಕೆ ತರಿಸುತ್ತೆ. ಐವತ್ತು ಜನಾನ ಊರಿಗೆ ಸೇರಿಸ್ತೀರೋ, ಮೇಲಕ್ಕೋ?"

"ಸೂಜಿ ಹಿಡಿಯೋಳ ನಾಲಿಗೇನೂ ಸೂಜಿ!" ಎಂದು ನಕ್ಕು, ಸ್ಟ್ರಿಪ್ಪನ್ನು ಜೇಬಿಗೆ ತುರುಕಿದ.

ಅವನ ವಾರದ ರಜೆಯ ಒಂದು ದಿನ. ಹೆಂಡತಿಯೂ ಮಗಳೂ ಕೆಲಸಕ್ಕೆ ಹೋಗಿದ್ದರು. ಎರಡೂವರೆ ವರ್ಷದ ಮೊಮ್ಮಗಳಿಗೆ ಬೆಳಗಿನಿಂದ ನಾಲ್ಕು ಬಾರಿ ಭೇದಿ, ಮೈ ಬೆಚ್ಚಗಿತ್ತು. ಮಗಳು ಓಆರ್‌ಎಸ್ ನೀರು ಕಲಸಿಟ್ಟು, "ಅಪ್ಪ, ಚಮಚದಲ್ಲಿ ಕುಡಿಸ್ತಾ ಇರು. ಜಾಸ್ತಿಯಾದ್ರೆ ಫೋನ್ ಮಾಡು" ಎಂದಿದ್ದಳು.

ಚಮಚ ಹಿಡಿದು ಕೂರುವ ಆಸಾಮಿಯೇ ಬಿರುಗಾಳಿ? ದೊಡ್ಡ ಗಾಡಿಗೆ ಒಂದು ಬ್ರೇಕ್ ಆದರೆ ಸಣ್ಣ ಗಾಡಿಗೆ ಅರ್ಧ. ಮಾತ್ರೆ ಮುರಿದು, ಪುಡಿ ಮಾಡಿ, ಸಕ್ಕರೆಯಲ್ಲಿ ಬೆರೆಸಿ ಬಾಯಿಗೆ ಹಾಕಿದ. ಭೇದಿ ನಿಂತೇ ಹೋಯಿತು.

ಮಧ್ಯಾಹ್ನ ಮಗಳ ಫೋನ್ ಬಂತು.

"ಹೇಗಿದಾಳೆ?"

"ನಿಂತು ಎರಡು ಗಂಟೆ ಆಯ್ತು! ನಿಮ್ಮಪ್ಪನ ಕೈಗುಣ ಅಂದ್ರೆ ಏನು ಅಂದ್ಕೊಂಡಿದೀಯ?"

"ಎದ್ದಿದಾಳಾ?"

"ಮಲಗ್ಲಿ ಬಿಡು, ಸುಸ್ತಾಗಿದೆ."

ಐದು ಗಂಟೆಗೆ ನರ್ಸು ಬಂದಾಗಲೂ ಮಗು ಮಲಗಿಯೇ ಇತ್ತು. ಅವಳು ಹಣೆ ಮುಟ್ಟಿದಳು, ಅಂಗಾಲು ಚಿವುಟಿದಳು. ಮಗು ಮಿಸುಕಲಿಲ್ಲ. ತುಟಿ ನೀಲಿಯಾಗಿತ್ತು. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು.

"ಏನು ಕೊಟ್ರಿ ಭಾವ?"

"ಏನಿಲ್ಲ."

"ಏನು ಕೊಟ್ರಿ?"

"ಅರ್ಧ... ಅರ್ಧಾನೇ ಕೊಟ್ಟಿದ್ದು."

ಸಾವಿರ ತಿರುವುಗಳಲ್ಲಿ ಬಸ್ಸು ತಿರುಗಿಸಿದ ಕೈಗೆ ಅಂದು ಪಕ್ಕದ ಮನೆಯವರ ಕಾರಿನ ಬಾಗಿಲು ತೆಗೆಯಲೂ ಆಗಲಿಲ್ಲ. ಅವರೇ ಆಸ್ಪತ್ರೆಗೆ ಓಡಿಸಿದರು.

"ಯಾವ ಮಾತ್ರೆ? ಎಷ್ಟು? ಎಷ್ಟು ಹೊತ್ತಿಗೆ? ಮಗುವಿನ ತೂಕ ಎಷ್ಟು? ಜ್ವರ ಇತ್ತಾ?" ಎಂದು ಡಾಕ್ಟರು ಕೇಳಿದರು. ಬಿರುಗಾಳಿ ತೊದಲುತ್ತ ಉತ್ತರಿಸಿದ. ಈ ಮಾತ್ರೆಯನ್ನು ಪುಟ್ಟ ಮಕ್ಕಳಿಗೆ ಕೊಡಲೇಬಾರದು, ಅರ್ಧವೂ ಇಲ್ಲ, ಕಾಲೂ ಇಲ್ಲ. ಅದು ಉಸಿರನ್ನೇ ಹಿಡಿದು ನಿಲ್ಲಿಸುತ್ತದೆ, ಕೆಲವೊಮ್ಮೆ ಎಷ್ಟೋ ಗಂಟೆಗಳ ನಂತರ ಎಂದು ಡಾಕ್ಟರು ಹೇಳಿದರು.

ಎರಡು ದಿನ ಯಂತ್ರವೇ ಮಗುವಿನ ಪರವಾಗಿ ಉಸಿರಾಡಿತು. ಮೂರನೆಯ ದಿನ ಕಣ್ಣು ಬಿಟ್ಟಿತು. ವಾರದ ಮೇಲೆ ಮನೆಗೆ ಬಂತು.

ಬಿರುಗಾಳಿ ಡಿಪೋಗೆ ಹೋಗಿ, ಹಂಚಿದ್ದ ಮಾತ್ರೆಗಳನ್ನೆಲ್ಲ ಒಬ್ಬೊಬ್ಬರ ಕಾಲು ಹಿಡಿಯುವಂತೆ ಬೇಡಿ ವಾಪಸು ತಂದು ಆಸ್ಪತ್ರೆಗೆ ಒಪ್ಪಿಸಿದ. ಅಲ್ಲಿಂದ ಮನೆಗೆ ಬಂದಾಗ ಮಗಳು ಮಗುವಿನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು.

"ನೀನು ಬೇಕಂತ ಮಾಡಿಲ್ಲ, ಗೊತ್ತಪ್ಪ. ಆದ್ರೆ ಇನ್ಮೇಲೆ ಇವಳನ್ನ ನಿನ್ನ ಹತ್ರ ಬಿಟ್ಟು ಹೋಗೋಕೆ ನನ್ನಿಂದಾಗಲ್ಲ. ಶಿಶುವಿಹಾರಕ್ಕೆ ಸೇರಿಸಿದೀನಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಭೇದಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ನುಂಗಿಸಬೇಡಿ. ಜ್ವರವೋ, ರಕ್ತವೋ, ಕಾಮಾಲೆಯೋ ಇದ್ದರೆ ಮೊದಲೇ ತಿಳಿಸಿ. ಬಸುರಿ, ಬಾಣಂತಿಯರಾಗಿದ್ದರೆ ಅದನ್ನೂ ಹೇಳಿ. ನಿದ್ದೆ ಮಾತ್ರೆ, ಕುಡಿತ, ಬೇರೆ ಔಷಧಿ ಯಾವುದಿದ್ದರೂ ನಾಚದೆ ಹೇಳಿ. ನುಂಗಿ ಗಾಡಿ ಓಡಿಸಬೇಡಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮಗೆ ಬರೆದ ಮಾತ್ರೆ ನಿಮಗಷ್ಟೇ. ಉಳಿದದ್ದು ಮಕ್ಕಳ ಕೈಗೂ ಸಿಗಬಾರದು, ನಿಮ್ಮ ಧಾರಾಳತನಕ್ಕೂ ಸಿಗಬಾರದು.

ಶಿಶುವಿಹಾರದ ಗೇಟಿನ ಹೊರಗೆ ನಿಂತು ಮೊಮ್ಮಗಳ ಆಟ ನೋಡಿ ಹೋಗುವ ಅಜ್ಜ ಈ ಬೀದಿಗೆ ಒಬ್ಬನೇ ಸಾಕು.