ಮೂರನೇ ಕ್ಯೂಬ್

ಈ ಕ್ಯೂಬನ್ನು ತೊಟ್ಟಿಯಿಂದ ಎತ್ತಿ ಎಷ್ಟು ಹೊತ್ತಾಯಿತು, ಇನ್ನೂ ಹನಿಯುತ್ತಲೇ ಇದೆ, ಒರೆಸಿದಷ್ಟೂ ಒದ್ದೆ, ದುಪಟ್ಟಾದ ತುದಿಯಿಂದ ಇನ್ನೊಮ್ಮೆ ಒರೆಸು ಸುಮಯ್ಯ, ಕಾಂಕ್ರೀಟಿನ ತುಂಡಿಗೆಲ್ಲ ದುಪಟ್ಟಾ ಹಾಳುಮಾಡಿಕೊಳ್ಳೋ ಮೇಡಂ ಇಡೀ ಸಿರಾದಲ್ಲಿ ನೀನೊಬ್ಬಳೇ ಅಂತ ಅಮ್ಮಿ ಬೈಯುತ್ತಾಳೆ, ಬೈಯಲಿ — ಮೈಯೆಲ್ಲ ಒಣಗಿದರೂ ಆ ಗುಣಿಯೊಂದರಲ್ಲಿ ಮಾತ್ರ ನೀರು, ಮೊಳೆಯಿಂದ ಸಹನಾ ಎಂದು ಕೊರೆದು ಪಕ್ಕದಲ್ಲೇ ಹಸಿ ಕಾಂಕ್ರೀಟಿಗೆ ಅವಳು ಒತ್ತಿದ ಹೆಬ್ಬೆಟ್ಟಿನ ಗುಣಿ. ಸಹಿಗಿಂತ ಹೆಬ್ಬೆಟ್ಟೇ ಗಟ್ಟಿ ಮೇಡಂ, ನಮ್ಮಜ್ಜಿ ಕಾಲ್ದಿಂದ್ಲೂ ಅಂಗೇ, ಅಂದಿದ್ದಳು, ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವವಳು ಆಡುವ ಮಾತೇ ಅದು. ನಿಯಮದ ಪ್ರಕಾರ ಪರೀಕ್ಷೆಗೆಂದು ಎರಕ ಹೊಯ್ದ ಕ್ಯೂಬಿನ ಮೇಲೆ ತಾರೀಖು, ನಂಬರು ಇರಬೇಕು, ನಮ್ಮ ಲ್ಯಾಬಿನಲ್ಲಿ ಮಾತ್ರ ಹೆಸರು, ಒಂದು ಮಿಶ್ರಣಕ್ಕೆ ಮೂರು ಕ್ಯೂಬು, ಮೂವರ ಹೆಸರು, ಮೆಷಿನ್ನು ಒಂದೊಂದನ್ನೇ ಒತ್ತುವಾಗ ಯಾರ ಹೆಸರಿನದು ಎಲ್ಲಕ್ಕಿಂತ ಕಡಿಮೆ ಭಾರಕ್ಕೆ ಒಡೆಯುತ್ತದೋ ಅವರು ಎಲ್ಲರಿಗೂ ಟೀ ಕೊಡಿಸಬೇಕು, ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ, ಎಚ್‌ಒಡಿ ಚಂದ್ರಶೇಖರ್ ಸರ್ ಕೂಡ ಗೊಣಗುತ್ತಲೇ ಕೊಡಿಸಿದ್ದಾರೆ. ಈ ಸಲ ಒಂದು ಸರ್ ಹೆಸರಿನದು, ಒಂದು ನನ್ನದು, ಮೂರನೆಯದು ಅವಳದು. ನಂದು ಕೊನೆಗೇ ಒಡೆಯೋದು, ಬೇಕಾದ್ರೆ ಬರ್ಕೊಡ್ತೀನಿ ಮೇಡಂ, ಅಂದಿದ್ದಳು. ಮೂರನ್ನೂ ತೊಟ್ಟಿಗಿಳಿಸಿ ತನ್ನೂರು ಗೌಡಗೆರೆಗೆ ಹೋದವಳು ಜ್ವರ ಎಂದು ಮಲಗಿದಳು, ಏಳಲೇ ಇಲ್ಲ. ಇವು ಇಲ್ಲಿ ನೀರಿನಲ್ಲಿ ದಿನದಿನಕ್ಕೆ ಗಟ್ಟಿಯಾಗುತ್ತಿದ್ದವು, ಅಲ್ಲಿ ಅವಳನ್ನು ಮಣ್ಣಿಗಿಟ್ಟು ಬಂದೆವು.

ಹೊರಗೆ ಸಭಾಂಗಣದಲ್ಲಿ ಹಲೋ ಹಲೋ ಎನ್ನುತ್ತಿದೆ ಮೈಕು, ಇವತ್ತು ಸಾಧಕರ ದಿನ, ಎಷ್ಟು ಪೇಟೆಂಟು, ಎಷ್ಟು ಪ್ರಾಜೆಕ್ಟು, ಎಲ್ಲರಿಗೂ ಶಾಲು, ಸಹನಾಳ ಶಾಲು ಹೊದೆಯಲು ಅವಳ ತಾಯಿ ದಾಸಮ್ಮ ಬೆಳಗಿನ ಬಸ್ಸಿಗೇ ಬಂದಿದ್ದಾರೆ, ಈಗ ನನ್ನ ಹಿಂದೆ ಬಾಗಿಲ ಬಳಿ ನಿಂತಿದ್ದಾರೆ, ತಿರುಗಿ ನೋಡಲಾರೆ. ಕ್ಯೂಬಿನಲ್ಲಿರುವುದು ಅವರೇ ಹಿತ್ತಿಲಲ್ಲಿ ಸುಟ್ಟು ಹಳೇ ಸೀರೆಯಲ್ಲಿ ಸೋಸಿದ ಕಡಲೆಕಾಯಿ ಸಿಪ್ಪೆಯ ಬೂದಿ, ಪಾವಗಡದಿಂದ ಕೊರಟಗೆರೆವರೆಗೂ ಸಿಪ್ಪೆ ರಾಶಿ ಬಿದ್ದಿರ್ತದೆ ಮೇಡಂ, ಅರ್ಧ ಸಿಮೆಂಟು ಉಳಿಸಿ ಮನೆ ಕಟ್ಟಿ ತೋರಿಸ್ತೀನಿ, ಅನ್ನುತ್ತಿದ್ದಳು ಸಹನಾ, ಅರ್ಧ ಅಲ್ಲ ಕಣೇ, ಸಿಮೆಂಟಿನ ಬದಲು ಹಾಕೋ ಬೂದಿ ಹತ್ತು ಪರ್ಸೆಂಟ್ ದಾಟಿದರೆ ಪುಡಿಪುಡಿ ಎಂದು ನಾನೇ ಅವಳನ್ನು ಎಳೆದು ನೆಲಕ್ಕೆ ತಂದಿದ್ದು. ದಾಸಮ್ಮ ಬಂದ ಕೂಡಲೇ ಕೇಳಿದ್ದೇ ಇದನ್ನು, ಮೇಡಮ್ಮೋರೆ, ಅವ್ಳ ಕೈ ಗುರ್ತು ಇರೋದಂತೆ, ಮನೆಗೆ ತಗಂಡೋಗ್ಲಾ, ದೇವ್ರ ಗೂಡ್ನಾಗೆ ಇಟ್ಕಂತೀನಿ. ನಾನು ಸರ್ ಮುಖ ನೋಡಿದೆ, ಸರ್ ನೆಲ ನೋಡಿದರು. ಮೂರೂ ಒಡೀಬೇಕಮ್ಮ, ಎರಡರ ಲೆಕ್ಕದ ಮೇಲೆ ಸಂಶೋಧನೆ ಪೇಪರ್ ನಿಲ್ಲಲ್ಲ, ಪೇಪರಿನಲ್ಲಿ ಮೊದಲ ಹೆಸರು ನಿಮ್ಮ ಮಗಳದೇ, ಅಂದರು. ಬೇರೆ ಎರಕ ಹೊಯ್ಯೋಣವೆಂದರೆ ಆ ಬೂದಿ ಮುಗಿದಿದೆ, ಮುಗಿಯದಿದ್ದರೂ ಎರಕ ಹೊಯ್ದವಳು ಅವಳಾಗುವುದಿಲ್ಲ. ಕಲ್ಲಿನ ಮೇಲಿನ ಹೆಸರು ಉಳಿಸಿದರೆ ಪೇಪರಿನ ಮೇಲಿನದು ಹೋಗುತ್ತದೆ. ದಾಸಮ್ಮ ಗುಣಿಯೊಳಗೆ ತಮ್ಮ ಹೆಬ್ಬೆಟ್ಟು ಇಟ್ಟು ನೋಡಿದರು, ನನ್ ಬೆಳ್ಳು ಇಡ್ಸಲ್ಲ ಕಣಮ್ಮ, ಅವ್ಳದ್ದು ಸಣ್ದು. ಆಮೇಲೆ, ಒಡ್ದಾಕಿ ಮೇಡಮ್ಮೋರೆ, ಗಟ್ಟಿ ಆಗೈತಾ ಇಲ್ವಾ ತಿಳ್ಕಳಾಕೆ ತಾನೆ ಅವ್ಳು ಅಷ್ಟು ಒದ್ದಾಡಿದ್ದು.

ಸರ್ ಹೆಸರಿನದು ಮೊದಲು ಒಡೆಯಿತು, ಯಾರೂ ಕೇಳದಿದ್ದರೂ ಟೀ ತರುತ್ತೇನೆ ಎಂದು ಹೋದವರು ಇನ್ನೂ ಬಂದಿಲ್ಲ, ಕ್ಯಾಂಟೀನು ಇರುವುದು ಪಕ್ಕದಲ್ಲೇ, ಎಲ್ಲಿ ನಿಂತು ಅಳುತ್ತಿದ್ದಾರೋ. ತುಸು ಹೆಚ್ಚಿನ ಭಾರಕ್ಕೆ ನನ್ನದೂ ಒಡೆಯಿತು. ಈಗ ಇದನ್ನು ಎದೆಗಾನಿಸಿ ಎತ್ತಿ ಮೆಷಿನ್ನಿನ ಎರಡು ಹಲಗೆಗಳ ನಡುವೆ ಇಟ್ಟಿದ್ದೇನೆ, ಬರೆದ ಮುಖ ಪಕ್ಕಕ್ಕೆ ಬರಬೇಕು, ಅದು ನಿಯಮ, ನೂರಾರು ಹುಡುಗರಿಗೆ ನಾನೇ ಹೇಳಿಕೊಟ್ಟ ನಿಯಮ, ಹಾಗಾಗಿ ಅವಳ ಹೆಸರು ನೇರ ನನ್ನನ್ನೇ ನೋಡುತ್ತಿದೆ, ಕೈ ಬರುತ್ತಿಲ್ಲ, ನನಗಿದು ಬೇಡ, ಕಿಟಕಿಯಾಚೆ ಮಧುಗಿರಿ ಬಂಡೆ ಬಿಸಿಲಿಗೆ ಹೊಳೆಯುತ್ತಿದೆ, ಸ್ವಿಚ್ ಒತ್ತು ಸುಮಯ್ಯ, ಒತ್ತಿದೆ. ಭಾರ ತೋರಿಸುವ ಮುಳ್ಳು ಏರುತ್ತಿದೆ, ಸರ್ ಹೆಸರಿನದು ಒಡೆದ ಗೀಟು ದಾಟಿತು, ನನ್ನ ಗೀಟೂ ದಾಟಿತು, ಗೆದ್ದೆ ಕಣೇ, ಬರ್ಕೊಡ್ತೀನಿ ಅಂದಿದ್ದೆಯಲ್ಲ, ಇನ್ನೂ ಏರುತ್ತಿದೆ, ಗಟ್ಟಿಯಾಗಿದ್ದೀಯ, ಮೂರು ದಿನದ ಜ್ವರ ತಡೆಯದವಳು ಇಷ್ಟನ್ನು ಹೇಗೆ ತಡೆಯುತ್ತಿದ್ದೀಯ, ಸಾಕು, ಒಡೆದುಬಿಡು, ಬೇಡ, ಒಡೆಯಬೇಡ, ದಾಸಮ್ಮ ಹಿಂದಿನಿಂದ ನನ್ನ ತೋಳು ಹಿಡಿದಿದ್ದಾರೆ, ಮೂಲೆಯಿಂದ ಕೂದಲೆಳೆಯಷ್ಟು ಬಿರುಕು, ಹೆಸರಿನ ಕೆಳಗೆ ಹಾದು ಬರುತ್ತಿದೆ, ಹೆಬ್ಬೆಟ್ಟಿನ ಗುಣಿಯವರೆಗೆ ಬಂತು, ನಿಂತಿತು, ಗುಣಿಯಲ್ಲಿ ಮತ್ತೆ ನೀರು, ಒರೆಸಿದ್ದೆನಲ್ಲ, ಈಗ ತಾನೇ ಒರೆಸಿದ್ದೆ, ಆ ಗುಣಿಯಲ್ಲಿ ನೀರು