ಎಲೆ ಬಿಟ್ಟ ಕೊಂಬೆ

ಡಿಸೆಂಬರ್ ನಾಲ್ಕು, ಸಂತ ಬಾರ್ಬರಾಳ ದಿನ, ಚೆರಿಮರದ ಕೊಂಬೆ ಕತ್ತರಿಸಿ ತಂದು ಬೆಚ್ಚಗಿನ ಒಳಮನೆಯಲ್ಲಿ ನೀರಿಗಿಟ್ಟರೆ ಕ್ರಿಸ್ಮಸ್ ಹೊತ್ತಿಗೆ ಹೂ ಬಿಡಬೇಕು. ಯಾರ ಹೆಸರಿನ ಕೊಂಬೆ ಅರಳಿತೋ ಅವರಿಗೆ ಬರುವ ವರ್ಷ ಒಳಿತು. ಹೆಡ್ವಿಗ್‌ಳ ಅಡುಗೆಮನೆಯ ಕಿಟಕಿಯಲ್ಲಿ ಈ ಸಲವೂ ಮಕ್ಕಳ ಹೆಸರಿನ ಎರಡು ಕೊಂಬೆಗಳಿದ್ದವು. ಕೆಂಪು ದಾರ ಕಟ್ಟಿದ್ದು ಐದು ವರ್ಷದ ಕೊರ್ಬಿಯದು, ನೀಲಿ ದಾರದ್ದು ಅವನಕ್ಕ ವ್ರೋನಿಯದು. ಹಬ್ಬದ ಹಿಂದಿನ ದಿನ ಬೆಳಗ್ಗೆ ಕೆಂಪು ದಾರದ ಕೊಂಬೆ ಮೈತುಂಬ ಬೆಳ್ಳಗೆ ಅರಳಿತ್ತು. ನೀಲಿಯದರಲ್ಲಿ ಬರೀ ಎಲೆಚಿಗುರು.

"ಅಕ್ಕಂದು ಸೊಪ್ಪು ಬಿಟ್ಟಿದೆ. ಅಮ್ಮಾ, ಸೂಪಿಗೆ ಹಾಕ್ಬಿಡು," ಎಂದ ಕೊರ್ಬಿ.

"ನಿನ್ ತಲೆ ಹಾಕ್ತೀನಿ ತಾಳು. ಟೊಳ್ಳು ತಾನೇ, ಬೇಗ ಬೇಯತ್ತೆ," ಎಂದಳು ವ್ರೋನಿ. ನಗಲಿಲ್ಲ.

ಕೊರ್ಬಿ ಹಿಮದಲ್ಲಿ ಜಾರುಬಂಡಿ ಎಳೆಯಲು ಓಡಿದ. ಹೆಡ್ವಿಗ್ ಸಲಾಡಿಗೆಂದು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಕಿಟಕಿಯ ಕಡೆ ನೋಡದೆ ಕುಳಿತಳು.

ಆ ಕೊಂಬೆ ಅರಳುವುದಿಲ್ಲವೆಂದು ಅವಳಿಗೆ ಕತ್ತರಿಸಿದ ದಿನವೇ ಗೊತ್ತಿತ್ತು. ತೋಟದವರ ಮನೆಯಲ್ಲಿ ಹುಟ್ಟಿದವಳು. ಹೂಮೊಗ್ಗು ಕೂರುವುದು ಬಲಿತ ಕೊಂಬೆಯ ಗಿಡ್ಡ ಗೆಣ್ಣುಗಳ ಮೇಲೆ, ದುಂಡಗೆ, ಗೊಂಚಲಾಗಿ. ನೆಟ್ಟಗೆ ಎದ್ದ ಎಳೆಯ ಕೊಂಬೆಯಲ್ಲಿ ಇರುವುದು ಚೂಪು ಮೊಗ್ಗು, ಅದರಿಂದ ಎಲೆಯೇ. ಅಂದು ಬೇಕರಿಯ ಕೆಲಸ ಮುಗಿಸಿ ಬಂದವಳು ಹಿತ್ತಲ ಚೆರಿಮರಕ್ಕೆ ಏಣಿ ಹಾಕಿ ಹತ್ತಿ, ಬದನೆಕಾಯಿ ಆರಿಸುವಂತೆ ಮೊಗ್ಗು ಮುಟ್ಟಿಮುಟ್ಟಿ ನೋಡಿ ಕೊರ್ಬಿಗೊಂದು ಕೊಂಬೆ ಆರಿಸಿದ್ದಳು. ಇಳಿದಾಗ ಸೊಂಟ ಹಿಡಿದುಕೊಂಡಿತ್ತು. ವ್ರೋನಿಗೆ ಬುಡದ ಹತ್ತಿರ ಕೈಗೆ ಸಿಕ್ಕಿದ್ದನ್ನೇ ಕತ್ತರಿಸಿ, ಇದೂ ಅದೇ ಮರದ್ದಲ್ಲವೇ ಎಂದುಕೊಂಡಿದ್ದಳು.

ದಣಿವು ಸುಳ್ಳಲ್ಲ. ಆದರೆ ಕೊರ್ಬಿ ಅವಳು ಹೆತ್ತವನು, ವ್ರೋನಿ ಗಂಡನ ತೀರಿಹೋದ ಮೊದಲ ಹೆಂಡತಿ ರೆಸಿಯ ಮಗಳು. ಮೇಲಿನದನ್ನು ವ್ರೋನಿಗೆ ಕೊಟ್ಟು ಕೆಳಗಿನದನ್ನು ಕೊರ್ಬಿಗೆ ಕೊಡಬಹುದಿತ್ತಲ್ಲ ಎಂಬ ಮಾತಿಗೆ ಯಾವ ದಣಿವೂ ಉತ್ತರವಾಗುತ್ತಿರಲಿಲ್ಲ. ಮೂರು ವಾರದಿಂದ ಹೂಜಿಯ ನೀರು ಬದಲಿಸುವಾಗಲೆಲ್ಲ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು.

"ಅಮ್ಮಾ," ಎಂದಳು ವ್ರೋನಿ, ನೀಲಿ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ರೆಸಿ ಅಮ್ಮಂಗೆ ನನ್ ಮೇಲೆ ಸಿಟ್ಟಿರಬಹುದಾ?"

"ಯಾಕೆ ಹಾಗಂತೀಯ?"

"ಮರ ಅವಳು ನೆಟ್ಟಿದ್ದಲ್ವಾ, ನಾನು ಹುಟ್ಟಿದಾಗ. ಅವಳ ಮುಖ ನಂಗೆ ನೆನಪಿಲ್ಲ. ಯಾರಾದ್ರೂ ಕೇಳಿದ್ರೆ ನೆನಪಿದೆ ಅಂತ ಸುಳ್ಳು ಹೇಳ್ತೀನಿ. ಅದು ಅವಳಿಗೆ ಗೊತ್ತಾಗಿರತ್ತೆ."

ಹೆಡ್ವಿಗ್‌ಳ ಕೈಯಲ್ಲಿ ಚಾಕು ನಿಂತಿತು. ಈ ವರ್ಷ ಚಳಿ ಜಾಸ್ತಿ ಕಣೇ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಸತ್ತವಳ ತಲೆಗೆ ತನ್ನ ತಪ್ಪು ಕಟ್ಟಿ, ಈ ಹುಡುಗಿಯನ್ನು ಜೀವಮಾನವಿಡೀ ಹೆದರಿಸಿಡುವುದೇ?

"ಸಿಟ್ಟೂ ಇಲ್ಲ, ಏನೂ ಇಲ್ಲ. ಆ ಕೊಂಬೇಲಿ ಹೂಮೊಗ್ಗೇ ಇರಲಿಲ್ಲ. ಗೊತ್ತಿದ್ದೂ ಕತ್ತರಿಸಿದ್ದು ನಾನು."

ವ್ರೋನಿ ದಾರ ಸುತ್ತುವುದನ್ನು ನಿಲ್ಲಿಸಿದಳು. "ಕೊರ್ಬಿದಕ್ಕೆ?"

"ಏಣಿ ಹತ್ತಿದೆ."

"ನಂದಕ್ಕೆ?"

"ಹತ್ತಲಿಲ್ಲ."

ಹೊರಗೆ ಕೊರ್ಬಿ ಯಾರನ್ನೋ ಕೂಗುತ್ತಿದ್ದ. ಬೈಗುಳಕ್ಕೆ, ಅಳುವಿಗೆ ಸಿದ್ಧಳಾಗಿ ಹೆಡ್ವಿಗ್ ತಲೆ ತಗ್ಗಿಸಿದಳು.

"ಹಾಗಾದ್ರೆ ರೆಸಿ ಅಮ್ಮಂದೇನೂ ಇಲ್ಲ," ಎಂದಳು ವ್ರೋನಿ.

"ಏನೂ ಇಲ್ಲ."

"ಬರೀ ನೀನು."

"ಹೂಂ. ಬರೀ ನಾನು."

ಹುಡುಗಿಯ ಮುಖ ಮೋಡ ಸರಿದಂತೆ ತಿಳಿಯಾಯಿತು. ತಟ್ಟೆಯಿಂದ ಒಂದು ತುಂಡು ಆಲೂಗಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡು, ಟೋಪಿ ಎಳೆದುಕೊಂಡು ತಮ್ಮನಿದ್ದಲ್ಲಿಗೆ ಓಡಿದಳು. ಯಾಕೆ ಹತ್ತಲಿಲ್ಲ ಎಂದು ಕೇಳಲೇ ಇಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗಲೂ, ಸಂಜೆ ಇಗರ್ಜಿಗೆ ಹೊರಟಾಗಲೂ ಕೇಳಲಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಈಗ ಕೇಳಿಯಾಳು ಎಂದು ಹೆಡ್ವಿಗ್ ಕೈಯ ಕೆಲಸ ಬಿಟ್ಟು ಕಾಯುತ್ತಿದ್ದಳು. ಅವಳು ಕೇಳುತ್ತಿದ್ದುದು ಉಪ್ಪು, ಕೈಗವಸು, ಬಾಚಣಿಗೆ.