ಎರಡನೆಯ ಹನಿ

ಯಂತ್ರದ ಗಾಜಿನ ಬಿಲ್ಲೆಯ ಮೇಲೆ ಬಿದ್ದ ರಕ್ತದ ಹನಿ ತಾನಾಗಿಯೇ ನಾಲ್ಕಾಗಿ ಒಡೆದು, ಇರುವೆಗಳಂತೆ ಒಂದರ ಹಿಂದೊಂದು ಸರಿಯತೊಡಗಿತು. ಸುಂದರಾ ರೆಪ್ಪೆ ಬಡಿಯದೆ ನೋಡಿದಳು. ಹನಿ ಅವಳ ಗಂಡ ಅಣ್ಣಾಸಾಬನದು. ಮುಂಜಾನೆ ಎಮ್ಮೆಗೆ ಮೇವು ಹಾಕುವಾಗ ಎದೆ ಹಿಡಿದುಕೊಂಡು ಕುಸಿದವನನ್ನು ಸದಲಗಾದ ಈ ದವಾಖಾನೆಗೆ ಕರೆತಂದಿದ್ದಳು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಆಗ ಡಾಕ್ಟರ್ ಶುಭಾಂಗಿ ಗುಳಿಗೆ ಕೊಟ್ಟು ಮಲಗಿಸಿ, ಪುಣೆಯ ಪ್ರಯೋಗಾಲಯವೊಂದು ಬಳಸಿ ನೋಡಲೆಂದು ಕೊಟ್ಟಿದ್ದ, ಹನಿಯನ್ನು ಕರೆಂಟಿನಿಂದಲೇ ಒಡೆದು ಸಾಗಿಸುವ ಅಂಗೈಯಗಲದ ಈ ಯಂತ್ರವನ್ನು ಹೊರತೆಗೆದಿದ್ದಳು.

"ಹಾರ್ಟಿಗೆ ಪೆಟ್ಟ ಬಿದ್ರ ಒಂದ ನಮೂನಿ ಪ್ರೋಟೀನ್ ರಕ್ತದಾಗ ಬರತೈತ್ರಿ. ಇದು ಹತ್ತ ಮಿನಿಟಿನ್ಯಾಗ ಹುಡುಕತೈತಿ," ಎಂದಳು ಡಾಕ್ಟರು.

ಯಂತ್ರ ಇಲ್ಲವೆಂದಿತು. ಅಣ್ಣಾಸಾಬ ನೋವಿಗೆ ಹಲ್ಲು ಕಚ್ಚಿಕೊಂಡಿದ್ದ.

"ಮೂರ ತಾಸ ಬಿಟ್ಟ ಇನ್ನೊಮ್ಮಿ ನೋಡೂಣು. ಎಲ್ಲೂ ಹೋಗಬ್ಯಾಡ್ರಿ," ಎಂದಳು ಶುಭಾಂಗಿ.

ಮಧ್ಯಾಹ್ನಕ್ಕೆ ನೋವು ಇಳಿಯಿತು. ಅವನು ಎದ್ದು ಕೂತು ಚಹಾ ತರಿಸಿ, ಗೆಳೆಯರಿಗೆ ಫೋನು ಮಾಡಿ ನಗಾಡಿದ. ಎರಡನೆಯ ಹನಿ ತೆಗೆದಾಗ ಯಂತ್ರ ಹೌದೆಂದಿತು.

"ಈಗಿಂದೀಗ ಕೊಲ್ಹಾಪುರಕ್ಕ ಒಯ್ರಿ ಅಕ್ಕಾರ. ಗಾಡಿಗೆ ಹೇಳೇನಿ," ಎಂದಳು ಶುಭಾಂಗಿ.

ಸುಂದರಾಳಿಗೆ ತಲೆಬುಡ ತಿಳಿಯಲಿಲ್ಲ. "ನೋವಿದ್ದಾಗ ಇಲ್ಲ ಅಂತು, ನೋವ ಹೋದ ಮ್ಯಾಲ ಐತಿ ಅಂತೈತಿ. ಯಾವದ ಖರೇರಿ?"

"ಎರಡೂ ಖರೇನ. ಆ ಪ್ರೋಟೀನ್ ರಕ್ತಕ್ಕ ಬರಾಕ ಹೊತ್ತ ಹಿಡಿತೈತಿ."

ಅಣ್ಣಾಸಾಬ ಅಂಗಿ ತೊಟ್ಟ. "ಮಷಿನ್ನಿಗೆ ತಲಿ ಕೆಟ್ಟೈತಿ. ನಾ ಆರಾಮ ಅದೇನಿ. ನಡಿ ಮನಿಗೆ."

ಅವನ ಮುಖದಲ್ಲಿ ಕಳೆಯಿತ್ತು, ಮಾತಿನಲ್ಲಿ ಎಂದಿನ ಜೋರಿತ್ತು. ಇಪ್ಪತ್ತು ವರ್ಷ ಬಾಳಿದ ಗಂಡನನ್ನು ನಂಬಬೇಕೋ, ಅವನ ಒಂದು ಹನಿಯನ್ನೋ? ಊರ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವುದು ಅವಳದೇ ಕೆಲಸ. ಅಂಕಿ ಕಡಿಮೆ ಬಂತೆಂದು ಜಗಳಕ್ಕೆ ಬಂದವರಿಗೆಲ್ಲ, ಮಷಿನ್ನು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು. ಅದೇ ಮಷಿನ್ನು ಒಮ್ಮೆ ವಾರವಿಡೀ ತಪ್ಪು ಅಂಕಿ ತೋರಿಸಿದ್ದೂ ಅವಳಿಗೆ ಗೊತ್ತಿತ್ತು. ಹಾಲಾದರೆ ಮರುದಿನ ಮತ್ತೆ ಅಳೆಯಬಹುದಿತ್ತು.

"ಸಿಟ್ಟಾದ್ರೂ ಅಡ್ಡಿ ಇಲ್ರಿ. ಗಾಡಿ ಹತ್ರಿ," ಎಂದಳು. ಧ್ವನಿ ತನ್ನದಲ್ಲವೆನಿಸಿತು.

ದೂಧಗಂಗಾ ಹೊಳೆ ದಾಟಿದರೂ ಅವನು ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡಿದ್ದ. ಕೊಲ್ಹಾಪುರದ ಡಾಕ್ಟರು ಮರಾಠಿಯಲ್ಲಿ, ಎದೆಯ ರಕ್ತನಾಳವೊಂದು ಮುಕ್ಕಾಲು ಪಾಲು ಮುಚ್ಚಿದೆ, ಈಗಲೇ ತೆರೆಯಬೇಕು ಎಂದರು. ಹಾಗಾದರೆ ನೋವು ಯಾಕಿಲ್ಲ ಎಂದು ಅವಳು ಕೇಳುವಷ್ಟರಲ್ಲಿ ಒಳಗೆ ಹೋಗಿದ್ದರು.

ಸಂಜೆ ನರ್ಸೊಬ್ಬಳು ಬಂದು, ನಾಳ ತೆರೆದಾಯಿತು, ನಿಮ್ಮವರು ಮಾತಾಡುತ್ತಿದ್ದಾರೆ ಎಂದು ಹೇಳಿಹೋದಳು. ಸುಂದರಾ ತಲೆಯಾಡಿಸಿದಳು. ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ.

ಸ್ಟ್ರೆಚರ್ ಹತ್ತುವಾಗ ಅವನು ಬಿಟ್ಟ ಚಪ್ಪಲಿಗಳು ಆಪರೇಷನ್ ಕೋಣೆಯ ಬಾಗಿಲ ಬಳಿ ಬಿದ್ದಿದ್ದವು, ಒಂದು ಮಗುಚಿತ್ತು. ಅದನ್ನು ನೆಟ್ಟಗೆ ಮಾಡಿ, ಎರಡನ್ನೂ ಜೋಡಿಸಿದಳು. ಚಪ್ಪಲಿಯ ಮುಖ ಒಳಕ್ಕಿರಬೇಕೋ ಹೊರಕ್ಕಿರಬೇಕೋ ತಿಳಿಯದೆ, ಅವುಗಳ ಮೇಲೆ ಕೈಯಿಟ್ಟು ಹಾಗೇ ಕುಕ್ಕರುಗಾಲಲ್ಲಿ ಕೂತಳು.